ಗುಟ್ಟು ಬಿಟ್ಟಾಗ ನೀರು ತಿಳಿಯಾಯಿತು

2001ರ ಚಳಿಗಾಲ. ಕ್ರಿಸ್‌ಮಸ್ ಹಬ್ಬ ಹತ್ತಿರ ಬಂದಿತ್ತು. ಯೂರೋಪಿನ ಆಟಿಕೆ ಅಂಗಡಿಗಳಿಗೆ ಅದು ನಮ್ಮ ದೀಪಾವಳಿ ಇದ್ದ ಹಾಗೆ. ವರ್ಷವಿಡೀ ಕಾದ ವ್ಯಾಪಾರ ಆ ಕೆಲವೇ ವಾರಗಳಲ್ಲಿ ಆಗಬೇಕು. ಜಪಾನಿನ ಸೋನಿ ಕಂಪೆನಿಯ ‘ಪಿಎಸ್ ಒನ್’ ಎಂಬ ಆಟದ ಯಂತ್ರಕ್ಕಾಗಿ ಸಾವಿರಾರು ಮಕ್ಕಳು ಬೆರಳೆಣಿಸುತ್ತಿದ್ದರು. ಅದೇ ಹೊತ್ತಿಗೆ ನೆದರ್ಲೆಂಡ್ಸ್ ದೇಶದ ಅಧಿಕಾರಿಗಳು ಸುಮಾರು 13 ಲಕ್ಷ ಯಂತ್ರಗಳನ್ನು ತಡೆಹಿಡಿದರು.

ಯಂತ್ರ ಕೆಟ್ಟಿತ್ತೇ? ಇಲ್ಲ. ಆಟ ಅಪಾಯಕಾರಿಯಾಗಿತ್ತೇ? ಅದೂ ಅಲ್ಲ. ತಪ್ಪು ಇದ್ದದ್ದು ಯಂತ್ರದ ಜೊತೆಗೆ ಬರುವ ತಂತಿಯಲ್ಲಿ. ತಂತಿಯ ಪ್ಲಾಸ್ಟಿಕ್ ಹೊದಿಕೆಯಲ್ಲಿ ಆ ದೇಶದ ಕಾನೂನು ಒಪ್ಪುವುದಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಇತ್ತು.

ಕ್ಯಾಡ್ಮಿಯಂ ಎಂಬ ಲೋಹದ ಕಥೆ ಜಪಾನಿಗೆ ಹೊಸದಲ್ಲ. ಅಲ್ಲಿನ ತೊಯಾಮ ಪ್ರಾಂತದ ಜಿಂಜೂ ನದಿಗೆ ಗಣಿಯೊಂದರಿಂದ ಹರಿದು ಬಂದ ಕ್ಯಾಡ್ಮಿಯಂ ಭತ್ತದ ಗದ್ದೆ ಸೇರಿ, ಅನ್ನದ ಮೂಲಕ ಜನರ ಮೈ ಸೇರಿತ್ತು. ಮೂತ್ರಪಿಂಡಗಳು ಹಾಳಾದವು, ಮೂಳೆಗಳು ಮೆತ್ತಗಾಗಿ ಮುರಿಯತೊಡಗಿದವು. ರೋಗಿಗಳ ನರಳಾಟವೇ ರೋಗದ ಹೆಸರಾಯಿತು: ‘ಇತಾಯ್ ಇತಾಯ್’. ಅಂದರೆ ‘ನೋವು, ನೋವು’. 1968ರಲ್ಲಿ ಜಪಾನ್ ಸರ್ಕಾರ ಈ ರೋಗಕ್ಕೆ ಮಾಲಿನ್ಯವೇ ಕಾರಣವೆಂದು ಒಪ್ಪಿಕೊಂಡಿತು. ಇಂಥ ಅನುಭವವಿದ್ದ ದೇಶದ ಹೆಸರಾಂತ ಕಂಪೆನಿಯ ಪೆಟ್ಟಿಗೆಯೊಳಗೆ ಅದೇ ಕ್ಯಾಡ್ಮಿಯಂ ಬಂದು ಕುಳಿತದ್ದು ಹೇಗೆ?

ಯಾರಿಗೆ ಏನು ಗೊತ್ತು?

ಒಂದು ಸಾಮಾನ್ಯ ತಂತಿ ತಯಾರಾಗುವ ಬಗೆಯನ್ನೇ ನೋಡಿ. ದೊಡ್ಡ ಕಂಪೆನಿ ತಂತಿಯನ್ನು ತಾನೇ ಮಾಡುವುದಿಲ್ಲ. ಬೇರೊಬ್ಬರಿಂದ ಕೊಳ್ಳುತ್ತದೆ. ಆ ತಂತಿಯವನು ಪ್ಲಾಸ್ಟಿಕ್ ಕಾಳನ್ನು ಇನ್ನೊಬ್ಬನಿಂದ ತರುತ್ತಾನೆ. ಪ್ಲಾಸ್ಟಿಕ್ಕಿನವನು ಅದಕ್ಕೆ ಬೆರೆಸುವ ಬಣ್ಣದ ಪುಡಿಯನ್ನೂ, ಬಿಸಿಲಿಗೆ ಬಿರಿಯದಂತೆ ಕಾಯುವ ಪುಡಿಯನ್ನೂ ಮತ್ತೊಬ್ಬನಿಂದ ತರಿಸುತ್ತಾನೆ. ಪುಡಿಯಲ್ಲಿ ಏನಿದೆ ಎಂಬುದು ಪುಡಿ ಮಾಡುವವನಿಗೆ ಮಾತ್ರ ಗೊತ್ತು. ಕಾನೂನು ಏನು ಹೇಳುತ್ತದೆ ಎಂಬುದು ಕೊನೆಗೆ ಮಾರುವವನಿಗೆ ಮಾತ್ರ ಗೊತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಡುವೆ ಇರುವವರು ಕೇಳಿದ್ದು ಎರಡೇ ಪ್ರಶ್ನೆ: ದರ ಎಷ್ಟು? ಮಾಲು ಯಾವಾಗ?

ಹೀಗೆ ಒಬ್ಬರಿಂದ ಒಬ್ಬರಿಗೆ ಮಾಲು ದಾಟುತ್ತ ಹೋಗುವ ಈ ಸಾಲಿಗೆ ವಾಣಿಜ್ಯಶಾಸ್ತ್ರದಲ್ಲಿ ‘ಪೂರೈಕೆ ಸರಪಳಿ’ ಎನ್ನುತ್ತಾರೆ. ಸರಪಳಿಯಲ್ಲಿ ಸರಕು ಒಂದು ದಿಕ್ಕಿಗೆ ಹರಿಯುತ್ತದೆ, ಹಣ ಇನ್ನೊಂದು ದಿಕ್ಕಿಗೆ ಹರಿಯುತ್ತದೆ. ಹರಿಯಬೇಕಾದ ಮೂರನೆಯದು ಒಂದಿದೆ. ಅದೇ ಮಾಹಿತಿ. ಅದು ಎರಡೂ ದಿಕ್ಕಿಗೆ ಹರಿಯಬೇಕು. ಆದರೆ ಅನೇಕ ಕಡೆ ಅದು ಮೊದಲ ಕೊಂಡಿಯಲ್ಲೇ ನಿಂತುಬಿಡುತ್ತದೆ.

ನೆದರ್ಲೆಂಡ್ಸ್ ಘಟನೆಯ ನಂತರ ಸೋನಿ ಕಂಪೆನಿ ತಂತಿಗಳನ್ನು ಬದಲಾಯಿಸಿತು. ಅಷ್ಟಕ್ಕೇ ಸುಮ್ಮನಾಗದೆ ‘ಗ್ರೀನ್ ಪಾರ್ಟ್‌ನರ್’ ಎಂಬ ಏರ್ಪಾಡು ಮಾಡಿತು. ತನಗೆ ಬಿಡಿಭಾಗ ಕೊಡುವವರೆಲ್ಲ ತಮ್ಮ ಮಾಲಿನಲ್ಲಿ ಏನಿದೆ, ಅದನ್ನು ಎಲ್ಲಿಂದ ತಂದರು, ಹೇಗೆ ಪರೀಕ್ಷಿಸಿದರು ಎಂದು ತೋರಿಸಬೇಕು. ತಪಾಸಣೆಯಲ್ಲಿ ತೇರ್ಗಡೆಯಾದವರಿಂದ ಮಾತ್ರ ಖರೀದಿ. ಜೊತೆಗೆ ಕಂಪೆನಿ ತಾನೂ ಒಂದು ಹೆಜ್ಜೆ ಮುಂದೆ ಬಂತು. ತಾನು ಪರೀಕ್ಷಿಸಿ ನೋಡಿದ ಪ್ಲಾಸ್ಟಿಕ್, ತಂತಿ, ಬಣ್ಣ, ಶಾಯಿ ಇವುಗಳ ಪಟ್ಟಿಯನ್ನು ‘ಗ್ರೀನ್ ಬುಕ್’ ಎಂಬ ಹೆಸರಿನಲ್ಲಿ ಪೂರೈಕೆದಾರರಿಗೆ ತೆರೆದಿಟ್ಟಿತು. ಸಣ್ಣ ಪೂರೈಕೆದಾರ ಪ್ರತಿಯೊಂದನ್ನೂ ತಾನೇ ಪ್ರಯೋಗಾಲಯಕ್ಕೆ ಒಯ್ಯಬೇಕಾಗಿಲ್ಲ. ಪಟ್ಟಿ ನೋಡಿ ಆರಿಸಿಕೊಂಡರಾಯಿತು.

ಬರೀ ‘ತೋರಿಸು’ ಎಂದು ಗದರಿಸುವುದು ಬೇರೆ. ‘ನನಗೆ ಗೊತ್ತಿರುವುದನ್ನು ನೀನೂ ನೋಡು’ ಎನ್ನುವುದು ಬೇರೆ. ಎರಡನೆಯದು ಸೇರಿದಾಗಲೇ ಹೊಸತೇನಾದರೂ ಹುಟ್ಟುತ್ತದೆ. ಇದಕ್ಕೆ ಇನ್ನೂ ಸೊಗಸಾದ ಉದಾಹರಣೆ ಸ್ವಿಟ್ಜರ್ಲೆಂಡಿನ ಒಂದು ಚಿಕ್ಕ ಊರಿನಲ್ಲಿದೆ.

ಅರವತ್ತು ಬಾಗಿಲು

ಹೀರ್‌ಬ್ರುಗ್ ಎಂಬುದು ಸ್ವಿಟ್ಜರ್ಲೆಂಡಿನ ಪೂರ್ವದಂಚಿನಲ್ಲಿ, ಆಸ್ಟ್ರಿಯಾ ಗಡಿಗೆ ಹತ್ತಿರವಿರುವ ಊರು. ಅಲ್ಲಿ ರೋನರ್ ಟೆಕ್ಸ್‌ಟಿಲ್ ಎಂಬ ಸಣ್ಣ ನೇಯ್ಗೆ ಗಿರಣಿ ಇತ್ತು. ಕುರ್ಚಿ, ಸೋಫಾಗಳಿಗೆ ಹೊದಿಸುವ ಬಟ್ಟೆಯನ್ನು ನೇಯುವುದು ಅದರ ಕಸುಬು. 1990ರ ದಶಕದ ಆರಂಭದಲ್ಲಿ ಗಿರಣಿಗೆ ಒಂದು ವಿಚಿತ್ರ ಸಂಕಟ ಎದುರಾಯಿತು. ಬಟ್ಟೆಯ ಅಂಚು ಕತ್ತರಿಸಿದಾಗ ಉಳಿಯುವ ಚಿಂದಿಯನ್ನು ಸರ್ಕಾರ ‘ಅಪಾಯಕಾರಿ ತ್ಯಾಜ್ಯ’ ಎಂದು ಸಾರಿತು. ಅದರಲ್ಲಿದ್ದ ಬಣ್ಣ ಮತ್ತು ರಾಸಾಯನಿಕಗಳೇ ಕಾರಣ. ಚಿಂದಿಯನ್ನು ಕಂಡಲ್ಲಿ ಹೂಳುವಂತಿಲ್ಲ, ಸುಡುವಂತಿಲ್ಲ.

ಇಲ್ಲೊಂದು ತಮಾಷೆ ಇದೆ, ತಮಾಷೆಯ ಒಳಗೆ ಮುಳ್ಳೂ ಇದೆ. ಅಂಚಿನ ಚಿಂದಿ ವಿಷವಾದರೆ ನಡುವಿನ ಬಟ್ಟೆ ಏನು? ಅದನ್ನು ಮಾತ್ರ ಸುರುಳಿ ಸುತ್ತಿ ಮಾರಬಹುದಿತ್ತು. ಜನ ಅದರ ಮೇಲೆ ದಿನವಿಡೀ ಕುಳಿತುಕೊಳ್ಳಬಹುದಿತ್ತು!

ಇದೇ ಸಮಯಕ್ಕೆ ಅಮೆರಿಕದ ಡಿಸೈನ್‌ಟೆಕ್ಸ್ ಎಂಬ ಕಂಪೆನಿ ಪರಿಸರಕ್ಕೆ ಒಗ್ಗುವ ಬಟ್ಟೆಯೊಂದನ್ನು ಹುಡುಕುತ್ತಿತ್ತು. ಕಚೇರಿ ಪೀಠೋಪಕರಣಗಳ ದೊಡ್ಡ ಕಂಪೆನಿ ಸ್ಟೀಲ್‌ಕೇಸ್‌ನ ಅಂಗಸಂಸ್ಥೆ ಅದು. ಅದರ ವಿನ್ಯಾಸ ವಿಭಾಗದ ಸೂಸನ್ ಲಯನ್ಸ್ ಅವರು ವಾಸ್ತುಶಿಲ್ಪಿ ವಿಲಿಯಂ ಮೆಕ್‌ಡೊನೊ ಅವರ ನೆರವು ಕೇಳಿದರು. ಮೆಕ್‌ಡೊನೊ ಅವರ ಜೊತೆಗಾರ ಮೈಕೇಲ್ ಬ್ರೌನ್‌ಗಾರ್ಟ್ ಜರ್ಮನಿಯ ರಸಾಯನವಿಜ್ಞಾನಿ. ಹ್ಯಾಂಬರ್ಗ್ ನಗರದಲ್ಲಿ ‘ಈಪಿಇಎ’ ಎಂಬ ಸಂಸ್ಥೆ ಕಟ್ಟಿದವರು. ರೋನರ್ ಗಿರಣಿಯ ವ್ಯವಸ್ಥಾಪಕ ಆಲ್ಬಿನ್ ಕೇಲಿನ್ ಇವರೊಡನೆ ಸೇರಿದರು.

ಮೊದಲು ಬಂದ ಸಲಹೆ ಹತ್ತಿಯ ಜೊತೆಗೆ ಹಳೆ ಪ್ಲಾಸ್ಟಿಕ್ ಸೀಸೆಗಳಿಂದ ತೆಗೆದ ನೂಲನ್ನು ಬೆರೆಸಿ ನೇಯುವುದು. ಕೇಳಲು ಚೆನ್ನಾಗಿತ್ತು. ಆದರೆ ಹಾಗೆ ಬೆರೆತ ಬಟ್ಟೆ ಮುಂದೆ ಮಣ್ಣಿಗೂ ಸಲ್ಲದು, ಮರುಬಳಕೆಗೂ ಸಲ್ಲದು. ಅದನ್ನು ಕೈಬಿಟ್ಟರು. ಸವೆದ ಮೇಲೆ ಗೊಬ್ಬರದ ಗುಂಡಿಗೆ ಹಾಕಿದರೆ ಮಣ್ಣಾಗುವ ಬಟ್ಟೆಯೇ ಬೇಕೆಂದು ನಿಶ್ಚಯವಾಯಿತು. ಕುರ್ಚಿಯಲ್ಲೇ ದಿನ ಕಳೆಯುವವರಿಗೆ ಏನು ಬೇಕು ಎಂಬುದನ್ನು ಗಾಲಿಕುರ್ಚಿ ಬಳಸುವವರನ್ನೇ ಕೇಳಿ ತಿಳಿದುಕೊಂಡರು. ಬಟ್ಟೆ ಗಟ್ಟಿಯಾಗಿರಬೇಕು, ಬೆವರು ನಿಲ್ಲಬಾರದು, ಗಾಳಿ ಆಡಬೇಕು ಎಂದರು ಅವರು. ಹಾಗಾಗಿ ಉಣ್ಣೆಯನ್ನೂ, ರೇಮಿ ಎಂಬ ಗಿಡದ ತೊಗಟೆಯ ನಾರನ್ನೂ ಕೂಡಿಸಿ ನೂಲು ಮಾಡಿದರು. ಉಣ್ಣೆ ಬೆವರು ಹೀರುತ್ತದೆ, ರೇಮಿ ಅದನ್ನು ಆಚೆ ಸಾಗಿಸುತ್ತದೆ.

ಇಷ್ಟರವರೆಗೆ ಕೆಲಸ ಸುಗಮ. ತೊಡಕು ಬಂದದ್ದು ಬಣ್ಣದಲ್ಲಿ. ಬಣ್ಣದ ಡಬ್ಬಿಯಲ್ಲಿ ಏನಿದೆ ಎಂಬುದು ಗಿರಣಿಗೆ ಗೊತ್ತಿಲ್ಲ. ಡಬ್ಬಿಯ ಮೇಲೆ ಬಣ್ಣದ ಹೆಸರಿದೆ, ಸಂಖ್ಯೆ ಇದೆ. ಒಳಗಿನ ಪಾಕ ಬಣ್ಣದ ಕಂಪೆನಿಯ ಗುಟ್ಟು. ಬ್ರೌನ್‌ಗಾರ್ಟ್ ಮತ್ತು ಅವರ ಜೊತೆಗಾರರು 60 ರಾಸಾಯನಿಕ ಕಂಪೆನಿಗಳನ್ನು ಕೇಳಿದರು: ‘ನಿಮ್ಮ ಬಣ್ಣದಲ್ಲಿ ಏನೇನಿದೆ ಎಂದು ನಮಗೆ ತೋರಿಸುತ್ತೀರಾ?’ ಎಲ್ಲರೂ ಬಾಗಿಲು ಹಾಕಿಕೊಂಡರು. ಕೊನೆಗೆ ಬಾಗಿಲು ತೆರೆದದ್ದು ಒಂದೇ ಕಂಪೆನಿ. ಬಾಸೆಲ್ ನಗರದ ಸೀಬಾ-ಗೈಗಿ.

ಬಾಸೆಲ್ ಜನ ಗುಟ್ಟಿನ ಬೆಲೆ ಏನೆಂದು ಅದಾಗಲೇ ಕಂಡವರು. 1986ರ ನವೆಂಬರ್ 1ರಂದು ನಗರದ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪೆನಿಯ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು. ಬೆಂಕಿ ಆರಿಸಲು ಹಾಕಿದ ನೀರು ಕೀಟನಾಶಕ, ಬಣ್ಣಗಳನ್ನು ಹೊತ್ತುಕೊಂಡು ರೈನ್ ನದಿಗೆ ಹರಿಯಿತು. ನದಿ ಕೆಂಪಾಯಿತು. ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ತಮ್ಮ ಪಕ್ಕದ ಗೋಡೆಯಾಚೆ ಏನಿದೆ ಎಂಬ ಪ್ರಶ್ನೆ ಅಂದಿನಿಂದ ಆ ಊರಿನಲ್ಲಿ ಮನೆಮಾತಾಗಿತ್ತು.

ಸೀಬಾ-ಗೈಗಿ ತನ್ನ ಬಣ್ಣಗಳ ವಿವರವನ್ನು ಕೊಟ್ಟಿತು. ಆದರೆ ಬೀದಿಯಲ್ಲಿ ನಿಂತು ಸಾರಲಿಲ್ಲ. ಆ ವಿವರ ಪ್ರತಿಸ್ಪರ್ಧಿಗಳ ಕೈಗೆ ಹೋಗಲಿಲ್ಲ, ಗುಟ್ಟು ಕಾಯುವುದಾಗಿ ಮಾತು ಕೊಟ್ಟಿದ್ದ ಬ್ರೌನ್‌ಗಾರ್ಟ್ ಅವರ ಸಂಸ್ಥೆಯ ಕೈಗೆ ಹೋಯಿತು. ಸುಮಾರು 1600 ಬಣ್ಣಗಳನ್ನು ಒಂದೊಂದಾಗಿ ಸೋಸಿದರು. ಕ್ಯಾನ್ಸರ್ ತರುವಂಥದ್ದು ಬೇಡ. ವಂಶವಾಹಿಗೆ ಧಕ್ಕೆ ಮಾಡುವಂಥದ್ದು ಬೇಡ. ಹಾರ್ಮೋನ್ ಏರುಪೇರು ಮಾಡುವಂಥದ್ದು ಬೇಡ. ಜೀವಿಗಳ ಮೈಯಲ್ಲಿ ಸೇರಿ ಉಳಿಯುವಂಥದ್ದು, ಭಾರಲೋಹವಿರುವಂಥದ್ದು ಬೇಡ. ಜರಡಿ ಹಿಡಿದ ಮೇಲೆ ಉಳಿದದ್ದು ಎಷ್ಟು ಗೊತ್ತೇ? ಬರೀ 16!

ನೂರಕ್ಕೆ ಒಂದು. ಆದರೆ ಆ 16ನ್ನೇ ಬೆರೆಸಿ ಕಪ್ಪೊಂದನ್ನು ಬಿಟ್ಟು ಬೇಕಾದ ಬಣ್ಣಗಳನ್ನೆಲ್ಲ ಪಡೆಯಲು ಸಾಧ್ಯವಾಯಿತು. 1995ರಲ್ಲಿ ‘ಕ್ಲೈಮಟೆಕ್ಸ್ ಲೈಫ್‌ಸೈಕಲ್’ ಎಂಬ ಹೆಸರಿನ ಬಟ್ಟೆ ಮಾರುಕಟ್ಟೆಗೆ ಬಂತು.

ಆಮೇಲೆ ನಡೆದದ್ದು ಪರಿಸರದ ಪಾಠ ಹೇಳುವವರು ಇಂದಿಗೂ ನೆನೆಯುವ ಪ್ರಸಂಗ. ಗಿರಣಿಯಿಂದ ಹೊರಬರುವ ನೀರನ್ನು ಪರೀಕ್ಷಿಸಲು ಸರ್ಕಾರಿ ಅಧಿಕಾರಿಗಳು ಬಂದರು. ಸಾಮಾನ್ಯವಾಗಿ ಸಿಗಬೇಕಾದ ಕಶ್ಮಲಗಳು ಸಿಗಲಿಲ್ಲ. ತಮ್ಮ ಉಪಕರಣವೇ ಕೆಟ್ಟಿದೆ ಎಂದುಕೊಂಡರು. ಗಿರಣಿಯೊಳಕ್ಕೆ ಬರುವ ನೀರನ್ನು, ಅಂದರೆ ಊರಿನ ನಲ್ಲಿ ನೀರನ್ನು ಪರೀಕ್ಷಿಸಿದರು. ಉಪಕರಣ ಸರಿಯಾಗಿಯೇ ಇತ್ತು. ಹೊರಹೋಗುವ ನೀರು ಒಳಬರುವ ನೀರಿನಷ್ಟೇ ಶುದ್ಧವಾಗಿತ್ತು!

ಗಿರಣಿಯ ಕೆಲಸಗಾರರಿಗೆ ಕೈಗವಸು, ಮುಖಗವಸುಗಳ ಕಾಟ ತಪ್ಪಿತು. ವಿಷದ ಡಬ್ಬಿಗಳನ್ನು ಇಡುತ್ತಿದ್ದ ಕೋಣೆಗಳು ಖಾಲಿಯಾಗಿ ಬೇರೆ ಕೆಲಸಕ್ಕೆ ಸಿಕ್ಕವು. ಅಧಿಕಾರಿಗಳಿಗೆ ತುಂಬಿಕೊಡಬೇಕಾದ ಕಾಗದಪತ್ರಗಳ ಹೊರೆ ಇಳಿಯಿತು. ಇನ್ನು ಆ ಚಿಂದಿ? ಅದನ್ನು ಕಂಬಳಿಯಂಥ ಹಾಸಾಗಿ ಮಾಡಿ ತೋಟಗಾರರಿಗೆ ಕೊಟ್ಟರು. ಸ್ಟ್ರಾಬೆರಿ ಗಿಡಗಳ ಬುಡಕ್ಕೆ ಅದು ಹೊದಿಕೆಯಾಯಿತು. ನಿನ್ನೆಯ ಅಪಾಯಕಾರಿ ತ್ಯಾಜ್ಯ ಇಂದು ಹಣ್ಣಿನ ತೋಟದ ಹಾಸಿಗೆ!

ಇದರಲ್ಲಿ ಹೊಸ ಯಂತ್ರ ಯಾವುದೂ ಇಲ್ಲ ಎಂಬುದನ್ನು ಗಮನಿಸಿ. ಆ 16 ಬಣ್ಣಗಳು ಅದಕ್ಕೆ ಮೊದಲೂ ಕಂಪೆನಿಯ ಕಪಾಟಿನಲ್ಲೇ ಇದ್ದವು. ಅವು ಬೇರೆಯವುಗಳಿಗಿಂತ ಒಳ್ಳೆಯವು ಎಂಬುದು ನೇಕಾರನಿಗೆ ಗೊತ್ತಿರಲಿಲ್ಲ. ಒಳ್ಳೆಯದನ್ನು ಕೇಳುವ ನೇಕಾರನೊಬ್ಬ ಇದ್ದಾನೆ ಎಂಬುದು ಬಣ್ಣದವರಿಗೆ ಗೊತ್ತಿರಲಿಲ್ಲ. ಇಬ್ಬರ ಅರ್ಧರ್ಧ ತಿಳಿವಳಿಕೆ ಕೂಡಿದಾಗ ಹೊಸಶೋಧ ಹುಟ್ಟಿತು.

ಬೆಸುಗೆ ಕಲಿಸಿದ ಪಾಠ

ಒಬ್ಬ ಬಣ್ಣದವನು, ಒಬ್ಬ ನೇಕಾರ ಇದ್ದಲ್ಲಿ ಇದು ಸುಲಭ. ನೂರಾರು ಕಂಪೆನಿಗಳು ಒಟ್ಟಿಗೆ ಬದಲಾಗಬೇಕಾದರೆ?

ರೇಡಿಯೋ, ಟಿ.ವಿ., ಕಂಪ್ಯೂಟರ್ ಬಿಚ್ಚಿ ನೋಡಿದವರಿಗೆ ಅದರೊಳಗಿನ ಹಸಿರು ಹಲಗೆ ಗೊತ್ತು. ಅದರ ಮೇಲೆ ಬಿಡಿಭಾಗಗಳನ್ನು ಅಂಟಿಸಿರುವ ಬೆಳ್ಳಗಿನ ಚುಕ್ಕೆಗಳೇ ಬೆಸುಗೆ. ದಶಕಗಳ ಕಾಲ ಈ ಬೆಸುಗೆಯನ್ನು ತವರ ಮತ್ತು ಸೀಸ ಬೆರೆಸಿ ಮಾಡುತ್ತಿದ್ದರು. ಅದು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕೆಲಸಕ್ಕೆ ಸಲೀಸು. ಆದರೆ ಸೀಸ ಮಕ್ಕಳ ಮಿದುಳಿಗೆ ಕೇಡು. ಹಳೆಯ ಉಪಕರಣಗಳನ್ನು ಎಸೆದಾಗ, ಒಡೆದಾಗ, ಸುಟ್ಟಾಗ ಅದು ಮಣ್ಣಿಗೆ, ಗಾಳಿಗೆ ಸೇರುತ್ತದೆ.

ಯೂರೋಪಿನ ಒಕ್ಕೂಟ 2003ರಲ್ಲಿ ಕಾನೂನು ಮಾಡಿ, 2006ರ ಜುಲೈ 1ರಿಂದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಸೇರಿದಂತೆ ಆರು ಪದಾರ್ಥಗಳಿಗೆ ಕಡಿವಾಣ ಹಾಕಿತು. ಸೀಸದ ಬದಲು ತವರ, ಬೆಳ್ಳಿ, ತಾಮ್ರ ಬೆರೆತ ಬೆಸುಗೆ ಬಂತು. ಅದು ಕರಗುವುದು ಸುಮಾರು 217 ಡಿಗ್ರಿಗೆ. 34 ಡಿಗ್ರಿ ಹೆಚ್ಚು, ಅಷ್ಟೇ ತಾನೆ ಎನ್ನಬೇಡಿ. ಆ ಹೆಚ್ಚಿನ ಬಿಸಿಗೆ ಹಲಗೆ ಬಾಗಬಹುದು. ಪ್ಲಾಸ್ಟಿಕ್ ಭಾಗ ಮೆತ್ತಗಾಗಬಹುದು. ಚಿಪ್ಪಿನೊಳಗೆ ಹೀರಿಕೊಂಡ ತೇವ ಆವಿಯಾಗಿ ಅದು ಬಿರಿಯಬಹುದು.

ಬೆಸುಗೆ ತಯಾರಿಸುವವನು ಒಬ್ಬನೇ ಬದಲಾದರೆ ಏನೂ ಆಗದು. ಹಲಗೆ ಮಾಡುವವನಿಗೆ ಹೊಸ ಉಷ್ಣತೆ ಗೊತ್ತಾಗಬೇಕು. ಚಿಪ್ ಮಾಡುವವನು ತನ್ನದು ಎಷ್ಟು ಬಿಸಿ ತಾಳುತ್ತದೆ ಎಂದು ಹೇಳಬೇಕು. ಕುಲುಮೆ ಮಾಡುವವನಿಗೆ ಎಷ್ಟು ಹೊತ್ತು ಎಷ್ಟು ಶಾಖ ಎಂಬ ಲೆಕ್ಕ ಬೇಕು. ಎಲ್ಲ ಜೋಡಿಸುವ ಕಂಪೆನಿ ಎಲ್ಲಿ ಬಿರುಕು ಬಿಟ್ಟಿತೆಂದು ಹಿಂದಕ್ಕೆ ತಿಳಿಸಬೇಕು. ಮದುವೆ ಮನೆಯ ಅಡುಗೆ ಇದ್ದ ಹಾಗೆ. ಅನ್ನ ಆಗುವ ಹೊತ್ತಿಗೆ ಸಾರು ಕುದಿಯಬೇಕು, ಸಾರು ಕುದಿಯುವ ಹೊತ್ತಿಗೆ ಎಲೆ ಹಾಕಿರಬೇಕು. ಒಬ್ಬರು ಇನ್ನೊಬ್ಬರನ್ನು ಕೂಗಿ ಕೇಳದೆ ಪಂಕ್ತಿ ಏಳುವುದಿಲ್ಲ.

ಕಾರು ತಯಾರಕರೂ ಇದೇ ಹಾದಿ ಹಿಡಿದರು. ಬಿ.ಎಂ.ಡಬ್ಲ್ಯು., ಫೋರ್ಡ್, ಫೋಕ್ಸ್‌ವ್ಯಾಗನ್, ವೋಲ್ವೊ ಮೊದಲಾದ ಕಂಪೆನಿಗಳು ಪರಸ್ಪರ ಪೈಪೋಟಿಗಿಳಿದವುಗಳೇ. ಆದರೂ 2000ದಲ್ಲಿ ಒಂದು ಸಾಮಾನ್ಯ ಮಾಹಿತಿ ಭಂಡಾರ ಕಟ್ಟಿದವು. ಬಿಡಿಭಾಗ ಕೊಡುವವರು ಅದರಲ್ಲಿ ಯಾವ ಲೋಹ, ಯಾವ ಪ್ಲಾಸ್ಟಿಕ್, ಎಷ್ಟು ತೂಕ ಎಂದು ಒಮ್ಮೆ ದಾಖಲಿಸಿದರೆ ಸಾಕು. ಪ್ರತಿ ಕಂಪೆನಿಗೂ ಬೇರೆ ಬೇರೆ ನಮೂನೆ ತುಂಬುವ ಗೋಳಿಲ್ಲ.

ಮನೆಯಲ್ಲೇ ಆಡಿ ನೋಡಿ

ಮಾಹಿತಿ ನಿಂತರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ಆಡಿ ನೋಡಬಹುದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1960ರ ದಶಕದಲ್ಲಿ ರೂಪಿಸಿದ ಆಟವಿದು. ಅಲ್ಲಿ ಅದನ್ನು ಬಿಯರ್ ಪೆಟ್ಟಿಗೆಗಳ ಹೆಸರಿನಲ್ಲಿ ಆಡಿಸುತ್ತಾರೆ. ನಾವು ಬಿಸ್ಕತ್ತಿನ ಪೆಟ್ಟಿಗೆ ಎಂದಿಟ್ಟುಕೊಳ್ಳೋಣ.

ನಾಲ್ವರು ಸಾಲಾಗಿ ಕುಳಿತುಕೊಳ್ಳಿ. ಒಬ್ಬರು ಬೀದಿ ಅಂಗಡಿಯವರು, ಒಬ್ಬರು ಸಗಟು ವ್ಯಾಪಾರಿ, ಒಬ್ಬರು ವಿತರಕರು, ಕೊನೆಯವರು ಕಾರ್ಖಾನೆಯವರು. ಹುಣಿಸೆ ಬೀಜಗಳೇ ಪೆಟ್ಟಿಗೆಗಳು. ಒಬ್ಬೊಬ್ಬರ ಬಳಿ 12 ಬೀಜ ದಾಸ್ತಾನು ಇರಲಿ. ಮಾತಾಡುವಂತಿಲ್ಲ. ಚೀಟಿಯಲ್ಲಿ ಎಷ್ಟು ಬೇಕೆಂದು ಬರೆದು ಹಿಂದಿನವರಿಗೆ ಕೊಡಬೇಕು. ಚೀಟಿ ತಲುಪಲು, ಮಾಲು ಬರಲು ಎರಡೆರಡು ‘ವಾರ’ ತಡ. ಗಿರಾಕಿ ಮೊದಲ ನಾಲ್ಕು ವಾರ ನಾಲ್ಕು ಪೆಟ್ಟಿಗೆ ಕೇಳುತ್ತಾನೆ. ಐದನೆಯ ವಾರದಿಂದ ಎಂಟು ಕೇಳುತ್ತಾನೆ. ಆಮೇಲೆ ಕೊನೆಯವರೆಗೂ ಎಂಟೇ. ಬದಲಾವಣೆ ಇಷ್ಟೇ.

ಆದರೆ ಆಟ ನಡೆದಂತೆ ಏನಾಗುತ್ತದೆ ನೋಡಿ. ಅಂಗಡಿಯವರಿಗೆ ಗಾಬರಿ, ಹನ್ನೆರಡು ಬರೆಯುತ್ತಾರೆ. ಸಗಟಿನವರು ಇನ್ನೂ ಹೆದರಿ ಇಪ್ಪತ್ತು ಬರೆಯುತ್ತಾರೆ. ಕಾರ್ಖಾನೆ ಹಗಲಿರುಳು ತಯಾರಿಸುತ್ತದೆ. ಕೆಲವು ವಾರಗಳ ನಂತರ ಎಲ್ಲರ ಮುಂದೆಯೂ ಬೀಜದ ಗುಡ್ಡೆ. ಯಾರಿಗೂ ಬೇಡ. ಕೊನೆಯಲ್ಲಿ ಕಾರ್ಖಾನೆಯವರನ್ನು ‘ಗಿರಾಕಿ ಎಷ್ಟು ಕೇಳುತ್ತಿದ್ದ?’ ಎಂದು ಕೇಳಿ. ಅವರು ಹೇಳುವ ಅಂಕಿ ನಿಜಕ್ಕಿಂತ ಎಷ್ಟೋ ಹೆಚ್ಚಿರುತ್ತದೆ.

ಆ ಗುಡ್ಡೆಯ ಪ್ರತಿ ಪೆಟ್ಟಿಗೆಗೂ ವಿದ್ಯುತ್ತು ಸುಟ್ಟಿದೆ, ನೀರು ಖರ್ಚಾಗಿದೆ, ಲಾರಿ ಓಡಿದೆ. ಕೆಟ್ಟರೆ ತಿಪ್ಪೆಗೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಒಂದು ತಿಂಗಳು ಉಸಿರಾಡಲು ಬಿಡುವಿಲ್ಲ, ಮರುತಿಂಗಳು ಕೆಲಸವೇ ಇಲ್ಲ ಎಂಬ ಕಾರ್ಖಾನೆಗೆ ಹೊಸ ಪ್ರಯೋಗದ ಮಾತೆಲ್ಲಿ? ಹೊಗೆ ಕಡಿಮೆ ಮಾಡುವ ಕುಲುಮೆ, ನೀರು ಉಳಿಸುವ ಯಂತ್ರ ಇವಕ್ಕೆ ಸಾಲ ಮಾಡಬೇಕು. ನಾಳೆ ಮಾಲು ಹೋಗುತ್ತದೆಂಬ ಖಾತ್ರಿ ಇಲ್ಲದವನು ಸಾಲ ಮಾಡಲಾರ. ‘ಮುಂದಿನ ಮೂರು ವರ್ಷ ನಮಗೆ ಇಂಥ ಮಾಲು ಇಷ್ಟು ಬೇಕು’ ಎಂದು ಕೊಳ್ಳುವವನು ಮೊದಲೇ ಹೇಳಿದರೆ ಆ ಮಾತೇ ಬಂಡವಾಳ.

ಅದೇ ಆಟವನ್ನು ಮಾತಾಡಿಕೊಂಡು ಇನ್ನೊಮ್ಮೆ ಆಡಿ. ಗುಡ್ಡೆ ಎಷ್ಟು ಕರಗುತ್ತದೆಂದು ಮಕ್ಕಳೇ ಎಣಿಸಲಿ.

ಹೇಳಿದರೆ ಕೆಟ್ಟೆ, ಹೇಳದಿದ್ದರೂ ಕೆಟ್ಟೆ

ಹಾಗಾದರೆ ಎಲ್ಲರೂ ಎಲ್ಲವನ್ನೂ ಹೇಳಿಬಿಟ್ಟರೆ ಆಯಿತಲ್ಲ? ಅಷ್ಟು ಸುಲಭವಿಲ್ಲ. 60 ಕಂಪೆನಿಗಳು ಬಾಗಿಲು ಹಾಕಿಕೊಂಡದ್ದು ಬರೀ ಕೆಟ್ಟತನದಿಂದಲ್ಲ. ಪಾಕದ ಗುಟ್ಟೇ ಅವರ ಅನ್ನ. ಇಂದು ವಿವರ ಪಡೆದ ದೊಡ್ಡ ಕಂಪೆನಿ ನಾಳೆ ಅದೇ ಮಾಲನ್ನು ಅಗ್ಗಕ್ಕೆ ಬೇರೆಡೆ ಮಾಡಿಸಬಹುದು. ‘ನಿನ್ನ ಖರ್ಚು ಇಷ್ಟೇ ತಾನೆ?’ ಎಂದು ದರ ಕತ್ತರಿಸಬಹುದು. ಸಣ್ಣ ಉದ್ದಿಮೆದಾರನ ಈ ಭಯಕ್ಕೆ ಆಧಾರವಿದೆ.

ಇನ್ನೊಂದು ಅಪಾಯ ಸುಳ್ಳು ಕಾಗದ. ‘ನಮ್ಮ ಮಾಲಿನಲ್ಲಿ ಸೀಸ ಇಲ್ಲ’ ಎಂದು ಸಹಿ ಹಾಕಿ ಕಳಿಸುವುದಕ್ಕೆ ಖರ್ಚಿಲ್ಲ. ಪರೀಕ್ಷಿಸುವವರಿಲ್ಲದಿದ್ದರೆ ಕಡತ ದಪ್ಪಗಾಗುತ್ತದೆ, ನದಿ ಹಾಗೆಯೇ ಇರುತ್ತದೆ. ಮಾಹಿತಿ ಹಂಚಿಕೆ ಎಂಬುದು ಪ್ರಶ್ನಾವಳಿ ತುಂಬುವ ಕೆಲಸವಾಗಿ ಉಳಿದರೆ ಅದರಿಂದ ಹೊಸಶೋಧ ಹುಟ್ಟುವುದಿಲ್ಲ. ಬರೀ ಗುಮಾಸ್ತಿಕೆ ಬೆಳೆಯುತ್ತದೆ.

ಹೀರ್‌ಬ್ರುಗ್ ಕಥೆ ಇದಕ್ಕೂ ದಾರಿ ತೋರಿಸುತ್ತದೆ. ಅಲ್ಲಿ ಗುಟ್ಟು ಕೇಳಿದವರು ಅದನ್ನು ಬಳಸಿ ಲಾಭ ಮಾಡುವವರಲ್ಲ. ನಡುವೆ ನಿಂತ ಮೂರನೆಯವರು. ಕೊಂಡುಕೊಳ್ಳುವವರಿಗೆ ಬೇಕಾದದ್ದು ಪಾಕದ ವಿವರವಲ್ಲ. ‘ಇದು ಸರಿ, ಇದು ಬೇಡ’ ಎಂಬ ನಂಬಬಹುದಾದ ಮಾತು. ಗುಟ್ಟು ಉಳಿಯಿತು, ವಿಷ ಹೋಯಿತು. ಸರಪಳಿಯಲ್ಲಿ ನಂಬಿಕೆ ಬೆಳೆಯಬೇಕಾದರೆ ಕೇಳುವವನು ಏನನ್ನಾದರೂ ಕೊಡಬೇಕು. ದೀರ್ಘಕಾಲದ ಖರೀದಿ, ಪ್ರಯೋಗದ ಖರ್ಚಿನಲ್ಲಿ ಪಾಲು, ತಾಂತ್ರಿಕ ನೆರವು, ಇವುಗಳಲ್ಲಿ ಒಂದಾದರೂ ಇರಬೇಕು. ಕೊಡದೆ ಕೇಳಿದರೆ ಅದು ಜಬರ್ದಸ್ತಿ.

ನಮ್ಮ ಹತ್ತಿರದಲ್ಲೇ

ದೂರದ ಮಾತಾಯಿತು ಎನ್ನುವವರು ತಮಿಳುನಾಡಿನ ತಿರುಪ್ಪೂರಿನ ಕಡೆ ನೋಡಬಹುದು. ಜಗತ್ತಿಗೆಲ್ಲ ಬನಿಯನ್, ಟೀ ಶರ್ಟ್ ಕಳಿಸುವ ಊರು. ಬಣ್ಣ ಹಾಕುವ ಘಟಕಗಳಿಂದ ಹರಿದ ಉಪ್ಪು, ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿತು. ಕೆಳಗಿನ ರೈತರ ಬಾವಿ, ಹೊಲ ಹಾಳಾದವು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿತು. ನೂರಾರು ಘಟಕಗಳಿಗೆ ಬೀಗ ಬಿತ್ತು. ತ್ಯಾಜ್ಯ ನೀರನ್ನು ಹೊರಬಿಡದೆ ಶುದ್ಧಗೊಳಿಸಿ, ನೀರನ್ನೂ ಉಪ್ಪನ್ನೂ ಮತ್ತೆ ಬಳಸುವ ವ್ಯವಸ್ಥೆ ಅದರ ನಂತರ ಬೇರೂರಿತು.

ಅಂಗಿಗೆ ದರ ಕಟ್ಟುವಾಗ ನದಿಯ ಸುದ್ದಿ ಕೊಳ್ಳುವವರ ಕಿವಿಗೆ ಮುಟ್ಟಿದ್ದರೆ, ಶುದ್ಧೀಕರಣದ ಖರ್ಚು ಆ ದರದಲ್ಲೇ ಸೇರಿದ್ದರೆ, ಕೋರ್ಟಿನ ಬೀಗದವರೆಗೆ ಹೋಗಬೇಕಿತ್ತೇ? ಅದೇ 2011ರಲ್ಲಿ ‘ಗ್ರೀನ್‌ಪೀಸ್’ ಸಂಘಟನೆಯ ಚಳವಳಿಯಿಂದ ಎಚ್ಚೆತ್ತ ಕೆಲವು ದೊಡ್ಡ ಉಡುಪು ಕಂಪೆನಿಗಳು ‘ಝಡ್‌ಡಿಎಚ್‌ಸಿ’ ಎಂಬ ಒಕ್ಕೂಟ ಮಾಡಿಕೊಂಡವು. ಬಟ್ಟೆ ತಯಾರಿಕೆಯಲ್ಲಿ ಬಳಸಬಾರದ ರಾಸಾಯನಿಕಗಳ ಒಂದೇ ಪಟ್ಟಿಯನ್ನು 2014ರಲ್ಲಿ ಪ್ರಕಟಿಸಿದವು. ಹತ್ತು ಕಂಪೆನಿಗೆ ಹತ್ತು ಪಟ್ಟಿ ಎಂಬ ಗೊಂದಲ ತಪ್ಪಿಸುವುದು ಅದರ ಉದ್ದೇಶ.

ಭಾರತದ ಕಾನೂನೂ ಈ ದಿಕ್ಕಿಗೆ ಹೊರಳಿದೆ. 2011ರ ಇ-ತ್ಯಾಜ್ಯ ನಿಯಮಗಳು ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದವುಗಳಿಗೆ ಮಿತಿ ಹಾಕಿದವು. 2022ರ ಹೊಸ ನಿಯಮಗಳಲ್ಲೂ ಅದು ಮುಂದುವರಿದಿದೆ. ಶೇರು ಪೇಟೆಯ ನಿಯಂತ್ರಕ ‘ಸೆಬಿ’ 2021ರಲ್ಲಿ ಹೊಸ ವರದಿ ಪದ್ಧತಿ ತಂದು, ಪೇಟೆಯ ಮೊದಲ 1000 ಕಂಪೆನಿಗಳು ನೀರು, ವಿದ್ಯುತ್, ತ್ಯಾಜ್ಯಗಳ ಲೆಕ್ಕ ಕೊಡುವುದನ್ನು 2022-23ರಿಂದ ಕಡ್ಡಾಯ ಮಾಡಿತು. ದೊಡ್ಡವರು ಲೆಕ್ಕ ಕೊಡಬೇಕಾದಾಗ ತಮಗೆ ಮಾಲು ಕೊಡುವ ಸಣ್ಣವರನ್ನೂ ಕೇಳುತ್ತಾರೆ. ಬೆಂಗಳೂರಿನ ಪೀಣ್ಯದಂಥ ಕಡೆ ತಿರುಪು, ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿಗೆ ಇದು ದೂರದ ಸುದ್ದಿಯಲ್ಲ.

ಯಾರು ಉತ್ತರ ಕೊಡುತ್ತಾರೆ?

ಆ ಪ್ರಶ್ನೆಗಳಿಗೆ ಉತ್ತರ ಕೊಡುವವರು ಯಾರು? ರಸಾಯನಶಾಸ್ತ್ರ ಓದಿದವರಿಗೆ ಖರೀದಿ ವಿಭಾಗದ ಭಾಷೆ ತಿಳಿಯದು. ವಾಣಿಜ್ಯ ಓದಿದವರಿಗೆ ಕ್ಯಾಡ್ಮಿಯಂ ಏಕೆ ಕೆಟ್ಟದ್ದೆಂದು ತಿಳಿಯದು. ಕಂಪ್ಯೂಟರ್ ಕಲಿತವರಿಗೆ ಕಾರ್ಖಾನೆಯ ನೆಲದ ಕಷ್ಟ ಗೊತ್ತಿಲ್ಲ. ಸರಪಳಿಯ ಕೊಂಡಿಗಳ ನಡುವೆ ಇರುವ ಮೌನ ನಮ್ಮ ಕಾಲೇಜುಗಳ ವಿಭಾಗಗಳ ನಡುವೆಯೂ ಇದೆ. ವಿಜ್ಞಾನವೋ ವಾಣಿಜ್ಯವೋ ಎಂದು ಮಕ್ಕಳನ್ನು ಒಂದೇ ಸಾಲಿಗೆ ನಿಲ್ಲಿಸುವ ಮುನ್ನ ತಂದೆತಾಯಿಗಳು ಇದನ್ನು ಯೋಚಿಸಬೇಕು. ಎರಡು ವಿಷಯಗಳ ನಡುವಿನ ಬೇಲಿ ದಾಟಬಲ್ಲವರಿಗೆ ಕೆಲಸ ಮುಂದೆಯೂ ಇದೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಹೊಸ ಅಂಗಿ ತಂದಾಗ ಅದರ ಬಣ್ಣ ಎಲ್ಲಿಯದು ಎಂದು ಮಕ್ಕಳು ಕೇಳಲಿ. ಅಪ್ಪನಿಗೆ ಗೊತ್ತಿರುವುದಿಲ್ಲ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಆದರೆ ಅಂಗಡಿಯವರು ಆ ಪ್ರಶ್ನೆಯನ್ನು ಹತ್ತು ಸಲ ಕೇಳಿಸಿಕೊಂಡರೆ ಹನ್ನೊಂದನೆಯ ಸಲ ತಮಗೆ ಮಾಲು ಕೊಡುವವರನ್ನು ಕೇಳಿಯಾರು. ಅವರು ಇನ್ನೊಬ್ಬರನ್ನು. ಹೀರ್‌ಬ್ರುಗ್‌ನ ಗಿರಣಿಯಲ್ಲೂ ಕಥೆ ಶುರುವಾದದ್ದು ಹೀಗೆಯೇ. ಡಬ್ಬಿಯೊಳಗೆ ಏನಿದೆ ಎಂದು ಯಾರೋ ಕೇಳಿದರು. ಅರವತ್ತು ಸಲ ಉತ್ತರ ಬರಲಿಲ್ಲ. ಆದರೂ ಕೇಳುವುದನ್ನು ಬಿಡಲಿಲ್ಲ.